ಚಿಟ್ಟೆ ಬೆಟ್ಟದ ಒಡೆಯರು

1976ರ ಆಗಸ್ಟ್ ತಿಂಗಳ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ, ಕಿತ್ತಳೆ ಬಣ್ಣದ ಚಿಟ್ಟೆಗಳು ಮುತ್ತಿಕೊಂಡಿದ್ದ ತರುಣಿಯೊಬ್ಬಳ ಚಿತ್ರವಿತ್ತು. ಒಳಗಿನ ಲೇಖನ ಬರೆದವರು ಟೊರಾಂಟೊದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕರ್ಟ್. ಕೆನಡಾ ಮತ್ತು ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯ ಬೆನ್ನುಹತ್ತಿ ಸುಮಾರು ನಾಲ್ಕು ದಶಕ ಕಳೆದಿದ್ದ ಅವರು ಕೊನೆಗೂ ಉತ್ತರ ಕೊಟ್ಟಿದ್ದರು. ನಡು ಮೆಕ್ಸಿಕೊದ ಜ್ವಾಲಾಮುಖಿ ಬೆಟ್ಟಸಾಲು, ಸುಮಾರು 3,000 ಮೀಟರ್ ಎತ್ತರದ ಕಾಡು. ಬೆಟ್ಟದ ಹೆಸರನ್ನು ಮಾತ್ರ ಅವರು ಬೇಕೆಂದೇ ಮುಚ್ಚಿಟ್ಟರು. ಜಗತ್ತು ಅಲ್ಲಿಗೆ ನುಗ್ಗಿದರೆ ಚಿಟ್ಟೆಗಳಿಗೆ ಉಳಿಗಾಲವಿಲ್ಲ ಎಂಬ ಭಯ ಅವರಿಗಿತ್ತು. ಮೊನಾರ್ಕ್ ಬೆಟ್ಟಗಳ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಮೊದಲು ಶೋಧ, ಆಮೇಲೆ ಸರ್ಕಾರದ ಆದೇಶ, ಆಮೇಲೆ ಅಭಯಾರಣ್ಯ, ಕೊನೆಗೆ ಪ್ರವಾಸಿಗರು. ಈ ಕ್ರಮದಲ್ಲಿ ಹೇಳಿದಾಗ ಬೆಟ್ಟಕ್ಕೆ ಅದಕ್ಕಿಂತ ಮೊದಲು ಯಾರೂ ದಿಕ್ಕಿರಲಿಲ್ಲ ಅನ್ನಿಸಿಬಿಡುತ್ತದೆ. ಆದರೆ ಆ ಬೆಟ್ಟಗಳಿಗೆ ಒಡೆಯರಿದ್ದರು, ಒಡೆತನದ ಕಾಗದಪತ್ರವೂ ಅವರ ಬಳಿ ಇತ್ತು. ಚಿಟ್ಟೆಗಳ ಕಾಡು ಉಳಿದದ್ದೂ ಅಳಿದದ್ದೂ ಆ ಒಡೆಯರ ಜೊತೆ ಹೊರಗಿನವರು ನಡೆದುಕೊಂಡ ರೀತಿಯನ್ನೇ ಅವಲಂಬಿಸಿತ್ತು ಎಂಬುದು ಈ ಲೇಖನದ ವಾದ. ಮೊನಾರ್ಕ್ ಅಭಯಾರಣ್ಯದ ಚರಿತ್ರೆ ಕೀಟಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಭೂಸುಧಾರಣೆಗೂ ಅಷ್ಟೇ ಸೇರಿದ್ದು.

ವಿಜ್ಞಾನ ಮಾಡಿದ ಕೆಲಸವನ್ನು ಕಡಿಮೆಮಾಡಿ ಹೇಳಬೇಕಿಲ್ಲ. ಅರ್ಕರ್ಟ್ ಮತ್ತು ಅವರ ಪತ್ನಿ ನೋರಾ ಚಿಟ್ಟೆಯ ರೆಕ್ಕೆಗೆ ಗುರುತಿನ ಚೀಟಿ ಅಂಟಿಸುವ ಪ್ರಯತ್ನಕ್ಕೆ ಕೈಹಾಕಿದ್ದು 1940ರ ಸುಮಾರಿಗೆ. ಅಂಚೆಚೀಟಿಯಂತೆ ಒದ್ದೆಮಾಡಿ ಅಂಟಿಸುತ್ತಿದ್ದ ಮೊದಲ ಚೀಟಿಗಳು ಒಂದು ಮಳೆಗೇ ಕಳಚಿ ಬಿದ್ದವು. ಅಂಗಡಿ ಸಾಮಾನಿನ ಮೇಲೆ ಒತ್ತಿ ಅಂಟಿಸುವ ಬೆಲೆಚೀಟಿಯ ಮಾದರಿ ಕೊನೆಗೆ ಕೈಹಿಡಿಯಿತು. ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದಿಷ್ಟು ಪುಡಿಯನ್ನು ಮೆಲ್ಲನೆ ಉಜ್ಜಿ ತೆಗೆದು, ಅಂಚಿನ ಆಚೆಗೂ ಈಚೆಗೂ ಬರುವಂತೆ ಚೀಟಿಯನ್ನು ಮಡಚಿ ಒತ್ತುವುದು ಅವರ ವಿಧಾನ. ಅರ್ಧ ಗ್ರಾಂ ತೂಗುವ ಜೀವಿ ಆ ಸಂಖ್ಯೆಯನ್ನು ಹೊತ್ತು ಸಾವಿರಾರು ಕಿಲೋಮೀಟರ್ ಹಾರಬೇಕು. 1952ರಿಂದ ಸ್ವಯಂಸೇವಕರ ಪಡೆಯೊಂದು ಬೆಳೆಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಮೆಕ್ಸಿಕೊದ ಪತ್ರಿಕೆಗಳಲ್ಲಿ ನೋರಾ ಕೊಟ್ಟ ಕರೆಗೆ ಕೆನ್ ಬ್ರಗರ್ ಎಂಬ ಅಮೆರಿಕನ್ ಓಗೊಟ್ಟ. ಅವನೂ ಮಿಚೋಕಾನ್ ಪ್ರಾಂತದಲ್ಲೇ ಹುಟ್ಟಿದ್ದ ಕತಾಲಿನಾ ಅಗ್ವಾದೊ ಎಂಬ ತರುಣಿಯೂ ಹುಡುಕುತ್ತ ಅಲೆದು, 1975ರ ಜನವರಿ ಆರಂಭದಲ್ಲಿ ಸೆರೊ ಪೆಲೋನ್ ಬೆಟ್ಟದ ಮೇಲೆ ಕೋಟಿಗಟ್ಟಲೆ ಚಿಟ್ಟೆಗಳನ್ನು ಕಂಡರು. ಮುಖಪುಟದಲ್ಲಿದ್ದವಳು ಇದೇ ಅಗ್ವಾದೊ. ಮರುವರ್ಷ ಜನವರಿಯಲ್ಲಿ ಅರ್ಕರ್ಟ್ ದಂಪತಿ ತಾವೇ ಬೆಟ್ಟ ಹತ್ತಿದರು. ಅಲ್ಲಿ ಚಿಟ್ಟೆಗಳ ಭಾರಕ್ಕೆ ಮರದ ಕೊಂಬೆಯೊಂದು ಮುರಿದು ನೆಲಕ್ಕೆ ಬಿತ್ತು. ಚೆಲ್ಲಿದ ಚಿಟ್ಟೆಗಳಲ್ಲಿ ಒಂದರ ರೆಕ್ಕೆಯ ಮೇಲೆ ಚೀಟಿಯಿತ್ತು. 1975ರ ಆಗಸ್ಟ್‌ನಲ್ಲಿ ಮಿನೆಸೋಟದ ಚಾಸ್ಕ ಊರಿನಲ್ಲಿ ಒಬ್ಬ ಶಿಕ್ಷಕ ಮತ್ತು ಇಬ್ಬರು ವಿದ್ಯಾರ್ಥಿಗಳು ಅಂಟಿಸಿದ್ದ ಚೀಟಿ ಅದು. ಉತ್ತರದ ಹೊಲಗಳ ಚಿಟ್ಟೆಯೇ ಈ ಬೆಟ್ಟದ ಚಿಟ್ಟೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಇನ್ನು ಈ ಬೆಟ್ಟಗಳ ಹಿಂದಿನ ಕಥೆ. ಮಿಚೋಕಾನ್ ಮತ್ತು ಮೆಕ್ಸಿಕೊ ಪ್ರಾಂತಗಳ ಗಡಿಯಲ್ಲಿರುವ ಈ ಸೀಮೆಯಲ್ಲಿ ಮಸಾವ ಮತ್ತು ಓತೊಮಿ ಆದಿವಾಸಿಗಳ ಹಳ್ಳಿಗಳು ಬಹುಕಾಲದಿಂದ ಇವೆ. ಆಂಗಾಂಗ್ವೆಯೊ ಪಟ್ಟಣ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಬೆಳ್ಳಿ ಗಣಿಯ ಆಸೆಯಿಂದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗಣಿ ಅಮೆರಿಕದ ಕಂಪನಿಯೊಂದರ ಕೈಯಲ್ಲಿತ್ತು. ಗಣಿಯ ಸುರಂಗಕ್ಕೆ ಆಧಾರದ ಕಂಬ, ಕುಲುಮೆಗೆ ಸೌದೆ, ಎಲ್ಲಕ್ಕೂ ಸುತ್ತಲ ಕಾಡೇ ಆಸರೆ. ಅಂದರೆ ಅರ್ಕರ್ಟ್ ಕಂಡದ್ದು ಕೊಡಲಿ ತಾಗದ ಕಾಡನ್ನಲ್ಲ. ಮೆಕ್ಸಿಕೊದಲ್ಲಿ 1910ರಲ್ಲಿ ಆರಂಭವಾದ ಕ್ರಾಂತಿಯ ದೊಡ್ಡ ಬೇಡಿಕೆ ಭೂಮಿಯದು. 1917ರ ಸಂವಿಧಾನದ 27ನೆಯ ವಿಧಿ ದೊಡ್ಡ ಜಮೀನ್ದಾರಿಗಳನ್ನು ಒಡೆದು ಹಳ್ಳಿಗಳಿಗೆ ಹಂಚುವ ದಾರಿ ತೆರೆಯಿತು. ಮಿಚೋಕಾನ್‌ನವರೇ ಆದ ಲಸಾರೊ ಕಾರ್ದೆನಾಸ್ 1934ರಿಂದ 1940ರವರೆಗೆ ಅಧ್ಯಕ್ಷರಾಗಿದ್ದಾಗ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್ ಭೂಮಿ ಹಂಚಿಕೆಯಾಯಿತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದು ಗೇಣಿದಾರನ ಹೆಸರಿಗೆ ಪಹಣಿ ಬರೆಸಿತು. ಮೆಕ್ಸಿಕೊದಲ್ಲಿ ಹಾಗಲ್ಲ. ಅಲ್ಲಿ ಭೂಮಿ ಹಳ್ಳಿಯ ಒಟ್ಟು ಹೆಸರಿಗೆ ಬಂತು. ‘ಎಹಿದೊ’ ಎಂಬ ಈ ಸಾಮೂಹಿಕ ಹಿಡುವಳಿಯಲ್ಲಿ ಉಳುವ ತುಂಡು ಕುಟುಂಬಕ್ಕೆ, ಕಾಡು ಮತ್ತು ಗೋಮಾಳ ಇಡೀ ಊರಿಗೆ. 1992ರ ತಿದ್ದುಪಡಿಯ ತನಕ ಅದನ್ನು ಮಾರುವಂತಿರಲಿಲ್ಲ. ಚಿಟ್ಟೆಗಳು ಇಳಿಯುವ ಬೆಟ್ಟಗಳ ಬಹುಪಾಲು ಹೀಗೆ ಎಹಿದೊಗಳ ಮತ್ತು ಆದಿವಾಸಿ ಸಮುದಾಯಗಳ ಪಾಲಿಗೆ ಬಂದಿತ್ತು. ಇಂದಿನ ಸಂರಕ್ಷಿತ ವಲಯದೊಳಗೆ ಅಂಥ 70ಕ್ಕೂ ಹೆಚ್ಚು ಸಾಮೂಹಿಕ ಹಿಡುವಳಿಗಳಿವೆ. ನೆತ್ತರು ಹರಿಸಿ ಪಡೆದ ಭೂಮಿಯಲ್ಲಿ ಮರವೇ ಊರಿನ ಉಳಿತಾಯದ ಗಂಟು. ಮಗಳ ಮದುವೆಗೂ ಕಾಯಿಲೆಗೂ ಬರಗಾಲಕ್ಕೂ ಕೈಗೆ ಬರುತ್ತಿದ್ದದ್ದು ಅದೊಂದೇ.

ಈ ಜನಕ್ಕೆ ಚಿಟ್ಟೆಗಳು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿದ್ದವು. ನವೆಂಬರ್ ಆರಂಭದಲ್ಲಿ, ಮೆಕ್ಕೆಜೋಳದ ಕೊಯ್ಲು ನಡೆಯುವಾಗ, ಸತ್ತ ಹಿರಿಯರಿಗೆ ಎಡೆಯಿಡುವ ಹಬ್ಬದ ದಿನಗಳಲ್ಲೇ ಅವು ಬೆಟ್ಟಕ್ಕೆ ಬರುತ್ತವೆ. ಹಿರಿಯರ ಆತ್ಮಗಳೇ ಚಿಟ್ಟೆಯಾಗಿ ಬಂದಿವೆ ಎಂಬ ನಂಬಿಕೆಯನ್ನು ಈ ಸೀಮೆಯಲ್ಲಿ ಇಂದಿಗೂ ಕೇಳಬಹುದು. 1940ರಲ್ಲಿ ಕೊಂತೆಪೆಕ್ ಊರಿನಲ್ಲಿ ಹುಟ್ಟಿದ ಕವಿ ಹೊಮೆರೊ ಅರಿದ್ಜಿಸ್, ಊರ ಹಿಂದಿನ ಆಲ್ತಮಿರಾನೊ ಬೆಟ್ಟದ ಚಿಟ್ಟೆಗಳನ್ನು ನೋಡುತ್ತಲೇ ಬೆಳೆದವರು. ಆಗ ಟೊರಾಂಟೊದಲ್ಲಿ ಅರ್ಕರ್ಟ್ ಇನ್ನೂ ಅಂಟು ಹುಡುಕುತ್ತಿದ್ದರು. ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಚಿಟ್ಟೆ ಬರುವುದು ಹಳ್ಳಿಗರಿಗೆ ಗೊತ್ತಿತ್ತು, ಆದರೆ ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಅದಿಲ್ಲದೆ ಈ ಕಾಡಿನ ಮಹತ್ವ ತಿಳಿಯುವಂತಿರಲಿಲ್ಲ. ಒಪ್ಪಬೇಕಾದ ಮಾತೇ. ಉತ್ತರದ ಬೇಸಿಗೆಯಲ್ಲಿ ಹುಟ್ಟುವ ಮೊನಾರ್ಕ್‌ಗಳು ಬದುಕುವುದು ಕೆಲವೇ ವಾರ. ಶರತ್ಕಾಲದಲ್ಲಿ ಹುಟ್ಟುವ ತಲೆಮಾರು ಮಾತ್ರ ಎಂಟು ತಿಂಗಳ ತನಕ ಬದುಕಿ, ಕೆಲವು 4,000 ಕಿಲೋಮೀಟರ್ ದಾಟಿ, ತಾನು ಎಂದೂ ನೋಡದ ಬೆಟ್ಟಕ್ಕೆ ಬಂದಿಳಿಯುತ್ತದೆ. ವಸಂತದಲ್ಲಿ ಇಲ್ಲಿಂದ ಹೊರಟದ್ದರ ಮರಿಮಕ್ಕಳು ಮುಂದಿನ ಚಳಿಗೆ ಇಲ್ಲಿಗೆ ಬರುತ್ತವೆ. ಈ ಸರಪಳಿಯ ಎರಡೂ ತುದಿ ಜೋಡಿಸಲು ಚೀಟಿಯೇ ಬೇಕಿತ್ತು. ಆದರೆ ಇದರಿಂದ ಹಳ್ಳಿಗರ ಅರಿವು ಅರ್ಧದ್ದಾಗಿತ್ತು ಎಂದು ಸಾಬೀತಾಗುತ್ತದೆಯೇ ಹೊರತು, ಮುಂದಿನ ತೀರ್ಮಾನಗಳಲ್ಲಿ ಅವರನ್ನು ಕೇಳಬೇಕಿರಲಿಲ್ಲ ಎಂದಾಗುವುದಿಲ್ಲ. ಅರ್ಕರ್ಟ್ ಅವರ ಅರಿವೂ ಮೊದಲು ಇನ್ನೊಂದು ತುದಿಯ ಅರ್ಧವೇ ಆಗಿತ್ತು.

ಮುಂದೆ ಆದದ್ದು ಮಾತ್ರ ಕೇಳದೆ ಮಾಡಿದ ತೀರ್ಮಾನಗಳ ಸರಣಿ. ಅರ್ಕರ್ಟ್ ಮುಚ್ಚಿಟ್ಟ ಗುಟ್ಟು ಒಂದು ವರ್ಷವೂ ಉಳಿಯಲಿಲ್ಲ. ಲೇಖನದಲ್ಲಿದ್ದ ಸುಳಿವುಗಳನ್ನು ನಕಾಶೆಯ ಜೊತೆ ಹೊಂದಿಸಿ, 1976 ಮುಗಿಯುವ ಹೊತ್ತಿಗೆ ವಿಲಿಯಂ ಕ್ಯಾಲ್ವರ್ಟ್ ಎಂಬ ಸಂಶೋಧಕ ಸಿಯೆರ್ರಾ ಚಿಂಕುವಾ ಬೆಟ್ಟ ತಲುಪಿದ್ದರು. ಅವರ ಹಿಂದೆಯೇ ಇನ್ನೊಬ್ಬ ಸಂಶೋಧಕ ಲಿಂಕನ್ ಬ್ರೋವರ್ ಬಂದರು. ಬೆಟ್ಟದ ಹೆಸರು ಯಾರಿಗೆ ತಿಳಿಯಬೇಕು ಎಂದು ವಿಜ್ಞಾನಿಗಳು ತಮ್ಮ ತಮ್ಮಲ್ಲೇ ಜಗಳವಾಡಿದರು. ಆ ಹೆಸರನ್ನು ದಿನವೂ ಬಾಯಲ್ಲಿ ಆಡುತ್ತಿದ್ದ ಊರಿನವರು ಜಗಳದಲ್ಲಿ ಎಲ್ಲೂ ಬರಲಿಲ್ಲ. 1980ರಲ್ಲಿ ಮೆಕ್ಸಿಕೊ ಸರ್ಕಾರ ಮೊನಾರ್ಕ್ ತಂಗುವ ಜಾಗಗಳಿಗೆ ರಕ್ಷಣೆ ಘೋಷಿಸಿತು, ಗಡಿ ಗುರುತಿಸಲಿಲ್ಲ. ಅರಿದ್ಜಿಸ್ ಮತ್ತು ಅವರು 1985ರಲ್ಲಿ ಕಲಾವಿದರು, ಬರಹಗಾರರನ್ನು ಕೂಡಿಸಿ ಕಟ್ಟಿದ ‘ನೂರರ ಬಳಗ’ದಂಥವರ ಒತ್ತಾಯದಿಂದ 1986ರ ಅಕ್ಟೋಬರ್ 9ರಂದು ದೊಡ್ಡ ಆದೇಶ ಹೊರಟಿತು. ಆಲ್ತಮಿರಾನೊ, ಚಿಂಕುವಾ, ಕಂಪನಾರಿಯೊ, ಚಿವತಿ-ವಾಕಲ್, ಪೆಲೋನ್ ಎಂಬ ಐದು ಬೆಟ್ಟಗಳ 16,110 ಹೆಕ್ಟೇರ್ ಸಂರಕ್ಷಿತವಾಯಿತು. ಅದರಲ್ಲಿ ಸುಮಾರು 4,500 ಹೆಕ್ಟೇರ್ ಗರ್ಭವಲಯ, ಅಲ್ಲಿ ಮರ ಕಡಿಯುವಂತಿಲ್ಲ. ಉಳಿದದ್ದರಲ್ಲಿ ಕಟ್ಟುಪಾಡಿನ ಬಳಕೆ. ಸದುದ್ದೇಶದ ಆದೇಶವೇ ಸರಿ. ಆದರೆ ಅರ್ಧ ಶತಮಾನದ ಹಿಂದೆ ಇದೇ ಗಣರಾಜ್ಯ ಹಳ್ಳಿಗಳಿಗೆ ಬರೆದುಕೊಟ್ಟ ಕಾಡಿನ ಬಳಕೆಯನ್ನು ಈಗ ಒಂದು ಸಹಿಯಿಂದ ಕಿತ್ತುಕೊಂಡಂತಾಯಿತು. ತಕ್ಕ ಪರಿಹಾರ ಸಿಗಲಿಲ್ಲ. ಜಮೀನು ಅವರ ಹೆಸರಿನಲ್ಲೇ ಉಳಿಯಿತು, ಅದರ ಆದಾಯ ಹೋಯಿತು.

ಫಲಿತಾಂಶ ಏನಾಯಿತು ಎಂಬುದಕ್ಕೆ ಅಳತೆಯಿದೆ. ಬ್ರೋವರ್ ಮತ್ತು ಸಂಗಡಿಗರು 1971, 1984 ಮತ್ತು 1999ರ ವಿಮಾನಚಿತ್ರಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸೀಮೆಯ ಒಳ್ಳೆಯ ಕಾಡಿನ ಶೇ. 44ರಷ್ಟು 28 ವರ್ಷಗಳಲ್ಲಿ ಹದಗೆಟ್ಟಿತ್ತು. ಗಮನಿಸಬೇಕಾದದ್ದು ವೇಗವನ್ನು. 1984ರವರೆಗೆ ವರ್ಷಕ್ಕೆ ಶೇ. 1.70ರಂತೆ ಕಾಡು ಹದಗೆಡುತ್ತಿದ್ದರೆ, ಆಮೇಲಿನ ಹದಿನೈದು ವರ್ಷ ಶೇ. 2.41ರಂತೆ. ಆದೇಶ ಹೊರಟದ್ದು ಈ ಎರಡನೆಯ ಅವಧಿಯಲ್ಲೇ. ಆದೇಶವೇ ನಾಶಕ್ಕೆ ಕಾರಣ ಎಂದು ಇದರಿಂದ ಹೇಳಲಾಗದು. ಜನಸಂಖ್ಯೆ, ಮರದ ಬೆಲೆ, ಗಣಿ ಸೊರಗಿ ತಪ್ಪಿದ ಕೂಲಿ ಎಲ್ಲವೂ ಸೇರಿರಬೇಕು. ಆದರೆ ಆದೇಶ ನಾಶವನ್ನು ತಡೆಯಲಿಲ್ಲ ಎಂಬುದಂತೂ ನಿಚ್ಚಳ. ಕಾಡು ತೆಳುವಾದರೆ ಚಿಟ್ಟೆಗೆ ಏನಾಗುತ್ತದೆ ಎಂಬುದನ್ನೂ ಇಲ್ಲಿ ಹತ್ತಿರದಿಂದ ನೋಡಬೇಕು. ಅವು ನೆಚ್ಚುವುದು ಒಯಮೆಲ್ ಎಂಬ ಎತ್ತರದ ಫರ್ ಮರವನ್ನು. ಚಳಿಯ ದಿನ ರೆಕ್ಕೆ ಮಡಚಿ, ಒಂದರ ಮೇಲೊಂದು ಒತ್ತಿ, ಕೊಂಬೆ ಬಾಗುವಷ್ಟು ದಟ್ಟವಾಗಿ ತೂಗುತ್ತವೆ. ಮಡಚಿದ ರೆಕ್ಕೆಯ ಹೊರಮೈ ಮಾಸಲು ಬಣ್ಣದ್ದಾದ್ದರಿಂದ ಮೊದಲ ನೋಟಕ್ಕೆ ತರಗೆಲೆಯ ಗೊಂಚಲೆಂದೇ ಅನ್ನಿಸುತ್ತದೆ. ಬಿಸಿಲು ತಾಗಿದಾಗ ಗೊಂಚಲು ಬಿಚ್ಚಿ, ನೀರು ಕುಡಿಯಲು ತೊರೆಗಿಳಿಯುತ್ತವೆ. ಮೈ ಒಣಗಿದ್ದರೆ ಮೈನಸ್ 8 ಡಿಗ್ರಿಯ ಹತ್ತಿರದವರೆಗೂ ತಡೆದುಕೊಳ್ಳಬಲ್ಲವು. ಮೈ ಒದ್ದೆಯಾಗಿದ್ದರೆ ಮೈನಸ್ 4ಕ್ಕೇ ಅರ್ಧದಷ್ಟು ಸಾಯುತ್ತವೆ. ಮೇಲಿನ ಹಂದರ ದಟ್ಟವಾಗಿದ್ದರೆ ಮಳೆಯೂ ತಾಗದು, ನೆಲದ ಬಿಸಿಯೂ ಆರದು. ನಡುವೆ ಹತ್ತು ಮರ ಕಡಿದರೆ ಆ ತೂತಿನಿಂದ ಎರಡೂ ಕೆಡುತ್ತವೆ. 2002ರ ಜನವರಿಯಲ್ಲಿ ಮಳೆ ಸುರಿದು, ಬೆನ್ನಿಗೇ ಹಿಮಗಟ್ಟುವ ರಾತ್ರಿ ಬಂದಾಗ ಎಲ್ ರೊಸಾರಿಯೊ ಎಹಿದೊದಲ್ಲೂ ಚಿಂಕುವಾ ಬೆಟ್ಟದಲ್ಲೂ ಮುಕ್ಕಾಲು ಪಾಲು ಚಿಟ್ಟೆಗಳು ಸತ್ತು ನೆಲದ ಮೇಲೆ ರಾಶಿಬಿದ್ದವು.

‘ಹಾಗಾದರೆ ಕಾನೂನೇ ಬೇಡವೇ? ಒಡೆಯರ ಕೈಗೇ ಬಿಟ್ಟಿದ್ದರೆ ಕಾಡು ಉಳಿಯುತ್ತಿತ್ತೇ?’ ಎಂದು ಕೇಳಬಹುದು. ಉಳಿಯುತ್ತಿರಲಿಲ್ಲ. ಬಡತನ ಮರ ಕಡಿಯುತ್ತದೆ, ಕಳ್ಳಸಾಗಣೆಯ ಲಾಭ ಇನ್ನೂ ಹೆಚ್ಚು ಕಡಿಯುತ್ತದೆ. ಕಾನೂನು ಬೇಕೇ ಎಂಬುದಕ್ಕಿಂತ, ಒಡೆಯರ ಲೆಕ್ಕ ತೀರಿಸದ ಕಾನೂನು ನಡೆಯುತ್ತದೆಯೇ ಎಂದು ಕೇಳುವುದು ಸರಿ. ಇದಕ್ಕೆ ಉತ್ತರ 2000ದ ನಂತರದ ಚರಿತ್ರೆಯಲ್ಲಿದೆ. ಆ ವರ್ಷದ ನವೆಂಬರ್ 10ರಂದು ಸಂರಕ್ಷಿತ ವಲಯವನ್ನು 56,259 ಹೆಕ್ಟೇರಿಗೆ, ಗರ್ಭವಲಯವನ್ನು ಸುಮಾರು 13,550 ಹೆಕ್ಟೇರಿಗೆ ಹಿಗ್ಗಿಸಿದರು. ಆದರೆ ಈ ಸಲ ಆದೇಶದ ಜೊತೆ ಹಣವೂ ಬಂತು. ಡಬ್ಲ್ಯೂಡಬ್ಲ್ಯೂಎಫ್ ಮತ್ತು ಮೆಕ್ಸಿಕೊದ ಪ್ರಕೃತಿ ಸಂರಕ್ಷಣಾ ನಿಧಿ ಸೇರಿ, ಪ್ಯಾಕರ್ಡ್ ಪ್ರತಿಷ್ಠಾನದ ನೆರವಿನಿಂದ ಕಟ್ಟಿದ ‘ಮೊನಾರ್ಕ್ ನಿಧಿ’, ಮರ ಕಡಿಯುವ ಪರವಾನಗಿ ಬಿಟ್ಟುಕೊಟ್ಟ ಎಹಿದೊಗಳಿಗೆ ಪರಿಹಾರವನ್ನೂ ಕಾಡು ಕಾಯ್ದದ್ದಕ್ಕೆ ವರ್ಷವರ್ಷ ಪ್ರತಿಫಲವನ್ನೂ ಕೊಡತೊಡಗಿತು. ಫಲ ಮರುದಿನವೇ ಕಾಣಲಿಲ್ಲ. 2005ರಿಂದ 2007ರ ನಡುವೆ ದೊಡ್ಡ ಪ್ರಮಾಣದ ಅಕ್ರಮ ಕಡಿತ 731 ಹೆಕ್ಟೇರ್ ಕಾಡನ್ನು ನುಂಗಿತ್ತು. 2012ರ ಹೊತ್ತಿಗೆ ಆ ಬಗೆಯ ಕಡಿತ ಸೊನ್ನೆಗೆ ಇಳಿಯಿತು. ಇದರಲ್ಲಿ ಪೊಲೀಸರ ಪಾಲೂ ಇದೆ. 2007ರಿಂದ ಸರ್ಕಾರ ಬಿಗಿಯಾಯಿತು. ಆದರೆ 1986ರ ನಂತರವೂ ಕಾನೂನಿತ್ತು, ಕಾವಲಿತ್ತು. ಹೊಸದಾಗಿ ಸೇರಿದ್ದು ಕಾಡು ನಿಂತರೆ ಊರಿಗೆ ಬರುವ ದುಡ್ಡು, ಮತ್ತು ಆ ದುಡ್ಡಿಗಾಗಿ ರಾತ್ರಿ ಕಾವಲು ತಿರುಗಲು ಸಿದ್ಧರಾದ ಊರಿನವರು.

ಆ ದುಡ್ಡಿನ ಇನ್ನೊಂದು ಹೊಳೆ ಪ್ರವಾಸಿಗರದು. ಚಿಟ್ಟೆ ನೋಡಲು ಹೋಗುವುದು ಎಂಬ ಪದ್ಧತಿ ಎಂಬತ್ತರ ದಶಕದಲ್ಲಿ ಎಲ್ ರೊಸಾರಿಯೊ ಎಹಿದೊದಲ್ಲಿ ಬೇರುಬಿಟ್ಟು, ಆಮೇಲೆ ಚಿಂಕುವಾ, ಪೆಲೋನ್‌ಗಳಿಗೆ ಹರಡಿತು. ನವೆಂಬರ್ ಕೊನೆಯಿಂದ ಮಾರ್ಚ್ ತನಕ ಅದರ ಕಾಲ. ಬಾಗಿಲಲ್ಲಿ ಟಿಕೆಟ್ ಕೊಡುವವರು, ಕುದುರೆ ಹಿಡಿಯುವವರು, ದಾರಿ ತೋರಿಸುವವರು, ಮೆಕ್ಕೆಜೋಳದ ರೊಟ್ಟಿ ಸುಡುವ ಹೆಂಗಸರು ಎಲ್ಲರೂ ಊರಿನವರೇ. ಸಿಕ್ಕ ಹಣ ಎಹಿದೊದ ಲೆಕ್ಕಕ್ಕೆ ಸೇರುತ್ತದೆ. ಪ್ರವಾಸಿಗರು ಬರುವುದು ಸುಗ್ಗಿ ಮುಗಿದ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ. ಹಿಂದೆ ಕೊಡಲಿ ಹೆಗಲಿಗೇರುತ್ತಿದ್ದದ್ದೂ ಇದೇ ತಿಂಗಳುಗಳಲ್ಲಿ. ಆಕ್ಷೇಪಣೆಗಳು ಇಲ್ಲಿಯೂ ಇವೆ. ಕುದುರೆ ಮತ್ತು ಮನುಷ್ಯರ ಕಾಲಿನಿಂದ ಏಳುವ ಧೂಳು, ಸವೆಯುವ ನೆಲ, ಗದ್ದಲಕ್ಕೆ ಎದ್ದು ಹಾರಿ ಕೊಬ್ಬು ಕರಗಿಸಿಕೊಳ್ಳುವ ಚಿಟ್ಟೆಗಳು. ಮಾರ್ಚ್ ತನಕ ಬಾಳಬೇಕಾದ ಕೊಬ್ಬು ಅದು. ಇದಕ್ಕಿಂತ ದೊಡ್ಡ ದೂರೆಂದರೆ ಹಂಚಿಕೆಯದು. ಚಿಟ್ಟೆ ಇಳಿಯುವ ಜಾಗಕ್ಕೆ ಒಳ್ಳೆಯ ರಸ್ತೆಯಿರುವ ಎರಡು ಮೂರು ಊರಿಗೆ ಬರುವ ಆದಾಯ, ಅದೇ ಗರ್ಭವಲಯದಲ್ಲಿ ಕಾಡು ಬಿಟ್ಟುಕೊಟ್ಟ ಪಕ್ಕದ ಊರಿಗಿಲ್ಲ. ಈ ದೂರುಗಳು ನಿಜ. ಮೊದಲನೆಯದಕ್ಕೆ ಹಗ್ಗದ ಗೆರೆ, ಮೌನ, ಒಂದೊಂದೇ ಗುಂಪು, ಜೊತೆಗೊಬ್ಬ ಮಾರ್ಗದರ್ಶಿ ಎಂಬ ಕಟ್ಟುಪಾಡುಗಳು ಬಂದಿವೆ. ಎರಡನೆಯದು ಮಾತ್ರ ವಾದವನ್ನು ಬೀಳಿಸುವ ಬದಲು ಗಟ್ಟಿಮಾಡುತ್ತದೆ. ಪಾಲು ಸಿಕ್ಕಲ್ಲಿ ಊರು ಕಾವಲಿಗೆ ನಿಂತಿತು, ಪಾಲು ಸಿಗದಲ್ಲಿ ಕಾವಲಿಗೆ ಹೊರಗಿನಿಂದ ಪೊಲೀಸರು ಬರಬೇಕಾಯಿತು.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ ಉತ್ತರದಿಂದ ಬರುತ್ತದೆ. ದೊಡ್ಡ ಪ್ರಮಾಣದ ಕಡಿತ ನಿಂತ ಮೇಲೂ ಚಿಟ್ಟೆಗಳು ಕಡಿಮೆಯಾಗುತ್ತಲೇ ಹೋದವಲ್ಲ ಎಂದು. ಮೊನಾರ್ಕ್‌ಗಳನ್ನು ತಲೆಯೆಣಿಸಲಾಗದು, ಅವು ತುಂಬಿದ ಕಾಡಿನ ವಿಸ್ತೀರ್ಣವನ್ನು ಅಳೆಯುತ್ತಾರೆ. 1996-97ರ ಚಳಿಯಲ್ಲಿ 18.19 ಹೆಕ್ಟೇರ್ ಇದ್ದದ್ದು 2013-14ರಲ್ಲಿ 0.67ಕ್ಕೆ ಕುಸಿಯಿತು. 2018-19ರಲ್ಲಿ 6.05ಕ್ಕೆ ಏರಿ, 2023-24ರಲ್ಲಿ 0.90ಕ್ಕೆ ಇಳಿದು, 2024-25ರಲ್ಲಿ 1.79 ಆಯಿತು. ಕುಸಿತದ ಒಂದು ದೊಡ್ಡ ಕಾರಣ ಅಮೆರಿಕದ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳಲ್ಲಿದೆ. ಮೊನಾರ್ಕ್ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಎಂಬ, ನಮ್ಮ ಎಕ್ಕದ ಬಳಗಕ್ಕೆ ಸೇರಿದ, ಹಾಲು ಸುರಿಸುವ ಗಿಡವನ್ನು ಮಾತ್ರ. ನಮ್ಮಲ್ಲಿ ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆ ಮೊನಾರ್ಕ್‌ನ ಕುಲಬಾಂಧವನೇ. ಕಳೆನಾಶಕಕ್ಕೆ ಜಗ್ಗದ ಕುಲಾಂತರಿ ಬೆಳೆಗಳು ಬಂದಮೇಲೆ ಗ್ಲೈಫೋಸೇಟ್ ಸಿಂಪಡಣೆ ಹೆಚ್ಚಿ, ಸಾಲುಗಳ ನಡುವೆ ಬೆಳೆಯುತ್ತಿದ್ದ ಮಿಲ್ಕ್‌ವೀಡ್ ಅಳಿದುಹೋಯಿತು. ಹಾಗೆಂದು ಬೆಟ್ಟದ ಕಾಡು ನಿರರ್ಥಕವೆನ್ನಲಾದೀತೇ? ಸಂಖ್ಯೆ ಕಡಿಮೆಯಾದಷ್ಟೂ ಒಂದೇ ಹಿಮದ ರಾತ್ರಿಗೆ ಎಲ್ಲವೂ ಸಾಯುವ ಅಪಾಯ ಹೆಚ್ಚು. ಹಂದರದ ಅಗತ್ಯವೂ ಅಷ್ಟೇ ಹೆಚ್ಚು. ಇಲ್ಲೊಂದು ಅನ್ಯಾಯವೂ ಎದ್ದುಕಾಣುತ್ತದೆ. ಅಯೋವಾದ ದೊಡ್ಡ ರೈತ ತನ್ನ ಸ್ವಂತ ಹೊಲದಲ್ಲಿ ಚಿಟ್ಟೆಯ ಅನ್ನಕ್ಕೆ ವಿಷ ಹಾಕಿದಾಗ ಯಾವ ಆದೇಶವೂ ಅವನ ಹೊಲಕ್ಕೆ ಗೆರೆ ಎಳೆಯಲಿಲ್ಲ. ಮಿಚೋಕಾನ್‌ನ ಬಡ ಹಳ್ಳಿಗೆ ಮಾತ್ರ, ಅದರ ಸ್ವಂತ ಕಾಡಿನಲ್ಲಿ, 1986ರಲ್ಲೇ ಗೆರೆ ಬಿತ್ತು.

ಕಾಯುವುದರ ಬೆಲೆಯನ್ನೂ ಆ ಹಳ್ಳಿಗಳೇ ತೆತ್ತಿವೆ. ಒಂದು ಕಾಲದಲ್ಲಿ ಮರ ಕಡಿಯುವ ಕಸುಬಿನಲ್ಲಿದ್ದು, ಆಮೇಲೆ ಎಲ್ ರೊಸಾರಿಯೊ ಚಿಟ್ಟೆಧಾಮದ ಉಸ್ತುವಾರಿ ಹೊತ್ತು, ಊರಿನವರನ್ನು ಗಿಡ ನೆಡುವುದಕ್ಕೂ ಕಾವಲಿಗೂ ಕೂಡಿಸಿದ ಹೊಮೆರೊ ಗೋಮೆಸ್ 2020ರ ಜನವರಿ 13ರಂದು ಕಾಣೆಯಾದರು. ತಿಂಗಳ ಕೊನೆಗೆ ಅವರ ಶವ ಬಾವಿಯೊಂದರಲ್ಲಿ ಸಿಕ್ಕಿತು. ಕೆಲವೇ ದಿನಗಳಲ್ಲಿ ಚಿಟ್ಟೆಧಾಮದ ಇನ್ನೊಬ್ಬ ಮಾರ್ಗದರ್ಶಿಯ ಶವವೂ ಸಿಕ್ಕಿತು. ಕಡಿಯುವ ಕೈ ಕಾಯುವ ಕೈಯಾಗಬಲ್ಲದು ಎಂಬುದಕ್ಕೆ ಗೋಮೆಸ್ ಅವರ ಬದುಕೇ ಪುರಾವೆ. ಹಾಗೆ ಆಗುವುದು ಎಷ್ಟು ದುಬಾರಿಯಾಗಬಹುದು ಎಂಬ ಪ್ರಶ್ನೆಯನ್ನು ಅವರ ಸಾವು ಎತ್ತುತ್ತದೆ. 2008ರಲ್ಲಿ ಯುನೆಸ್ಕೊ ಈ ಬೆಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆ ಎಂಬ ಮಾತಿನಲ್ಲಿ ಚಿಟ್ಟೆಯ ಪಯಣ ಮಾತ್ರವಲ್ಲ, 1917ರ 27ನೆಯ ವಿಧಿಯಿಂದ ಹಿಡಿದು ಇಂದಿನ ರಾತ್ರಿ ಕಾವಲಿನವರೆಗಿನ ಈ ಹಳ್ಳಿಗಳ ಚರಿತ್ರೆಯೂ ಸೇರಬೇಕು.

ಇದು ಮೆಕ್ಸಿಕೊಕ್ಕೆ ಮಾತ್ರ ಸೇರಿದ ಪಾಠವಲ್ಲ. ಕೊಡಗಿನ ಗಡಿಗೆ ತಾಗಿದ ಕೇರಳದ ಆರಳಂ ಅಭಯಾರಣ್ಯಕ್ಕೆ 2025ರಲ್ಲಿ ಚಿಟ್ಟೆ ಅಭಯಾರಣ್ಯ ಎಂಬ ಹೊಸ ಹೆಸರು ಬಂತು. ಕೊಡಗಿನ ಕಡೆಯಿಂದ ಸಾಲುಸಾಲಾಗಿ ಹೊಳೆಯಗುಂಟ ಹಾರುವ ಬಿಳಿಚಿಟ್ಟೆಗಳು ಅದರ ಹೆಗ್ಗಳಿಕೆ. ಅದಕ್ಕೆ ಒತ್ತಿಕೊಂಡೇ ದೊಡ್ಡದೊಂದು ಆದಿವಾಸಿ ಪುನರ್ವಸತಿ ನೆಲೆಯಿದೆ. ಅಂಥ ಯಾವ ಕಾಡಿಗೆ ಚಿಟ್ಟೆಯ ಹೆಸರಿಡುವಾಗಲೂ ಪಕ್ಕದಲ್ಲಿ ಬದುಕುವವರ ಪಾಲೆಷ್ಟು ಎಂದು ಮೊದಲೇ ಕೇಳಿಬಿಡುವುದು ಒಳ್ಳೆಯದು. ಮೆಕ್ಸಿಕೊ ಅದನ್ನು ಹದಿನಾಲ್ಕು ವರ್ಷ ತಡವಾಗಿ ಕೇಳಿತು, ಅಷ್ಟರಲ್ಲಿ ಕಾಡು ತೆಳುವಾಗಿತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಬೆಟ್ಟಗಳು ಒಂದು ವಿಮಾನಯಾನದಷ್ಟೇ ದೂರ. ಹೋಗುವುದಾದರೆ ಜನವರಿ ಅಥವಾ ಫೆಬ್ರವರಿಯಲ್ಲಿ, ಬಿಸಿಲಿರುವ ದಿನ ನೋಡಿ ಹೋಗಿ. ಎಹಿದೊದ ಬಾಗಿಲಲ್ಲೇ ಟಿಕೆಟ್ ಕೊಳ್ಳಿ, ಊರಿನ ಮಾರ್ಗದರ್ಶಿಯನ್ನೇ ಜೊತೆಗೆ ಕರೆದುಕೊಳ್ಳಿ, ಊಟವನ್ನೂ ಆ ಊರಿನಲ್ಲೇ ಮಾಡಿ. ಬೆಟ್ಟದ ಒಡೆಯರಿಗೆ ಸಲ್ಲಬೇಕಾದ ಬಾಕಿ ಅದು.